ಒಂದು ಮಂಡಿಯಷ್ಟು ಹಿಗ್ಗಬೇಕೆಂದು ಕೋರಿ, ವಿಮೆಯ ಗರಿಷ್ಠ ಮಿತಿಯವರಿಗೆ

ಮಾನ್ಯ ಗರಿಷ್ಠ ಮಿತಿಯವರೇ,

ತಾವು ಕ್ಷೇಮವಾಗಿದ್ದೀರೆಂದೂ, ಅಪಘಾತದ ದಿನ ಎಷ್ಟಿದ್ದಿರೋ ಇಂದಿಗೂ ಅಷ್ಟೇ ಇದ್ದೀರೆಂದೂ ಬಲ್ಲವರಿಂದ ತಿಳಿದು, ಗೌರವಪೂರ್ವಕ ವಂದನೆಗಳೊಂದಿಗೆ ಈ ಪತ್ರ ಬರೆಯುತ್ತಿದ್ದೇನೆ. ತಮ್ಮಂಥವರಿಗೆ ನನ್ನಂಥವನು ನೇರವಾಗಿ ಬರೆಯುವುದು ಪದ್ಧತಿಯಲ್ಲವೆಂದು ನನಗೆ ಗೊತ್ತು. ಮೊದಲು ವಿಮಾ ಕಂಪನಿಯ ಕೌಂಟರಿನವರನ್ನು ಕೇಳಿದೆ, ಅವರು ಪರಿಹಾರ ವಿಭಾಗದ ಅಧಿಕಾರಿಯವರನ್ನು ತೋರಿಸಿದರು. ಆ ಅಧಿಕಾರಿಯವರು ನನ್ನ ಮಾತನ್ನೆಲ್ಲ ಕೇಳಿ, ಕನ್ನಡಕ ತೆಗೆದು ಒರೆಸಿ, ಮತ್ತೆ ಹಾಕಿಕೊಂಡು, "ನನ್ನ ಕೈಲಿದ್ದಿದ್ರೆ ಇವತ್ತೇ ಮಾಡ್ಕೊಡ್ತಿದ್ದೆ ಸಾರ್, ಆದ್ರೆ ಮಿತಿ ಅಂತ ಒಂದಿದೆಯಲ್ಲ" ಎಂದರು. ಅವರ ಮೇಲಿನವರೂ, ಅವರಿಗೂ ಮೇಲಿನವರೂ, ಇದೇ ಮಾತನ್ನು ಇನ್ನೂ ಒಳ್ಳೆಯ ಕುರ್ಚಿಗಳಲ್ಲಿ ಕುಳಿತು ಹೇಳಿದರು. ಎಲ್ಲರೂ ಯಾರ ಹೆಸರು ಹೇಳಿ ಕೈಚೆಲ್ಲುತ್ತಾರೋ ಅವರೇ ಎಲ್ಲರಿಗಿಂತ ದೊಡ್ಡವರಾಗಿರಬೇಕು ಎಂಬ ಸರಳ ತರ್ಕದಿಂದ ನಾನು ತಮ್ಮ ಬಾಗಿಲಿಗೆ ಬಂದಿದ್ದೇನೆ. ತಮ್ಮ ಕೋಣೆ ಯಾವ ಮಹಡಿಯಲ್ಲಿದೆಯೆಂದು ಯಾರೂ ಹೇಳದ ಕಾರಣ ಹೀಗೆ ಬಹಿರಂಗವಾಗಿ ಬರೆಯುವ ಅವಿನಯವನ್ನು ಮನ್ನಿಸಬೇಕು.

ನಾನು ಕಾರು ಓಡಿಸುವುದನ್ನು ಕಲಿಸುವ ಮೇಷ್ಟ್ರು. ನನ್ನ ಶಾಲೆಗೆ ಕಟ್ಟಡವಿಲ್ಲ, ಗಂಟೆಯಿಲ್ಲ. ನೆತ್ತಿಯ ಮೇಲೆ ಫಲಕ ಹೊತ್ತ ಒಂದು ಬಿಳಿ ಕಾರೇ ನನ್ನ ಶಾಲೆ, ಮತ್ತು ಆ ಶಾಲೆಯಲ್ಲಿ ಗುರುಶಿಷ್ಯರಿಬ್ಬರೂ ಅಕ್ಕಪಕ್ಕ ಕುಳಿತು, ಒಂದೇ ದಿಕ್ಕಿಗೆ ನೋಡುತ್ತ, ಪ್ರಾಣಭಯವನ್ನು ಸಮನಾಗಿ ಹಂಚಿಕೊಳ್ಳುತ್ತಾರೆ. ಸ್ಟೀರಿಂಗು, ಗೇರು, ಹಾರ್ನು ಎಲ್ಲವೂ ಕಲಿಯುವವರ ಕಡೆಗಿವೆ. ನನ್ನ ಕಡೆಗಿರುವುದು ಕಾಲ ಬಳಿ ಹೆಚ್ಚುವರಿಯಾಗಿ ಕೂರಿಸಿದ ಒಂದು ಬ್ರೇಕು ಮಾತ್ರ. ನನ್ನ ವಿದ್ಯೆ, ಅನುಭವ, ಸಂಪಾದನೆ, ಮನೆಯಲ್ಲಿ ನನಗಿರುವ ಅಷ್ಟಿಷ್ಟು ಮರ್ಯಾದೆ, ಇವೆಲ್ಲ ಇರುವುದು ಆ ಬ್ರೇಕನ್ನು ಒತ್ತುವ ಬಲಗಾಲಿನಲ್ಲಿ, ಅಥವಾ ಇನ್ನೂ ಸರಿಯಾಗಿ ಹೇಳಬೇಕೆಂದರೆ, ಇದ್ದದ್ದು.

ನಮ್ಮ ಕಸುಬಿನಲ್ಲಿ ಒಂದು ರೂಢಿಯಿದೆ, ಅದನ್ನು ತಮಗೆ ವಿವರಿಸದೆ ಮುಂದಿನದು ಅರ್ಥವಾಗದು. ಹೊಸದಾಗಿ ಕಲಿಯುವವರು ಗಾಬರಿಯಾದರೆ ಬ್ರೇಕಿನ ಬದಲು ಆಕ್ಸಿಲರೇಟರನ್ನು ತುಳಿಯುತ್ತಾರೆ; ಆದ್ದರಿಂದ ಏನೇ ಅನಾಹುತವಾದರೂ ಮೇಷ್ಟ್ರಾದವನ ಬಾಯಿಂದ ಬರಬೇಕಾದ ಮೊದಲ ಮಾತು, ಶಾಂತ ಸ್ವರದಲ್ಲಿ, "ಭಯ ಬೇಡ, ತಪ್ಪು ನನ್ನದು" ಎಂಬುದು. ಗಾಡಿ ನಡುರಸ್ತೆಯಲ್ಲಿ ನಿಂತುಹೋದರೆ ತಪ್ಪು ನನ್ನದು, ಯಾರದೋ ಮನೆಯ ಹೂಕುಂಡ ಉರುಳಿದರೆ ತಪ್ಪು ನನ್ನದು, ಇಳಿಜಾರಿನಲ್ಲಿ ಹಿಂದಕ್ಕೆ ಜಾರಿ ಹಾಲಿನ ವ್ಯಾನಿಗೆ ಮುತ್ತಿಟ್ಟರೂ ತಪ್ಪು ನನ್ನದೇ. ಹೇಳಿ ಹೇಳಿ ಆ ಮಾತು ನನ್ನ ಬಾಯಲ್ಲಿ ಆಕಳಿಕೆಯ ಹಾಗೆ ಆಗಿಬಿಟ್ಟಿದೆ. ಮನೆಯಲ್ಲಿ ಸಾರು ಉಕ್ಕಿ ಒಲೆ ಆರಿದಾಗಲೂ ನಾನು ಪತ್ರಿಕೆಯ ಹಿಂದಿನಿಂದ ಅದನ್ನೇ ಹೇಳುತ್ತೇನೆ. ಈ ಊರಿನಲ್ಲಿ ಆ ಮಾತನ್ನು ಅಕ್ಷರಶಃ ತೆಗೆದುಕೊಳ್ಳುವವಳು ನನ್ನ ಹೆಂಡತಿಯೊಬ್ಬಳೇ ಎಂದು ನಾನು ಬಹಳ ಕಾಲ ನಂಬಿದ್ದೆ.

ಆ ಬೆಳಿಗ್ಗೆ ಸ್ಟೀರಿಂಗಿನ ಹಿಂದೆ ಕುಳಿತಿದ್ದವರು ನಮ್ಮ ಬೀದಿಯ ಬೇಕರಿಯಾಕೆ; ಎಲ್ಲರೂ ಆಕೆಯನ್ನು ಕೇಕಕ್ಕ ಎನ್ನುತ್ತಾರೆ. ಕೇಕಿನ ಮೇಲೆ ಕೆನೆಯ ಗುಲಾಬಿ ಬಿಡಿಸುವುದರಲ್ಲಿ ಆಕೆಯನ್ನು ಮೀರಿಸಿದವರಿಲ್ಲ. ಬೇರೆಯವರ ಕೈಲಿ ಕಳಿಸಿದ ಮೂರಂತಸ್ತಿನ ಕೇಕುಗಳು ಗಿರಾಕಿಯ ಮನೆ ತಲುಪುವಾಗ ಒಂದೂವರೆ ಅಂತಸ್ತಾಗುತ್ತಿದ್ದುದನ್ನು ನೋಡಿ ನೋಡಿ ಬೇಸತ್ತು, ತಾವೇ ಕಾರು ಓಡಿಸಿ ತಲುಪಿಸುವುದೆಂದು ಐವತ್ತು ದಾಟಿದ ಮೇಲೆ ಕಲಿಯಲು ಬಂದಿದ್ದರು. ಅಂದು ಅವರು ತಮ್ಮ ದಾರಿಯಲ್ಲಿ ನೆಟ್ಟಗೆ, ನಿಧಾನವಾಗಿ, ಕಲಿಸಿದವನ ಕಣ್ಣು ತುಂಬುವಷ್ಟು ಚೆನ್ನಾಗಿ ಓಡಿಸುತ್ತಿದ್ದರು. ಅದೇ ಹೊತ್ತಿಗೆ ಪಕ್ಕದ ಅಡ್ಡರಸ್ತೆಯಿಂದ, ಮನೆಗಳಲ್ಲಿ ಗಾಜಿನ ತೊಟ್ಟಿಯಲ್ಲಿಟ್ಟು ಸಾಕುವ ಬಣ್ಣದ ಮೀನುಗಳನ್ನು ಮಾರುವ ಒಬ್ಬ ಗೃಹಸ್ಥ, ಹಿಂದಿನ ಸೀಟಿನಲ್ಲಿ ನೀರು ತುಂಬಿದ ತೊಟ್ಟಿಯನ್ನು ಕೂರಿಸಿಕೊಂಡು ಬಂದ. ತೊಟ್ಟಿ ತುಳುಕಿತು, ಆತ ಹಿಂತಿರುಗಿ ನೋಡಿದ, ಮತ್ತೆ ಮುಂದೆ ನೋಡುವಷ್ಟರಲ್ಲಿ ಆತನ ಕಾರಿನ ಮೂತಿ ನನ್ನ ಬಾಗಿಲಿನಲ್ಲಿತ್ತು. ನಾವು ಅಲ್ಲಿಂದ ಸರಿದು ಬೀದಿದೀಪದ ಕಂಬಕ್ಕೆ ಹೋಗಿ ನಿಂತೆವು. ಕೇಕಕ್ಕನ ಬಲ ಮಣಿಕಟ್ಟು ಸ್ಟೀರಿಂಗಿನಲ್ಲಿ ತಿರುಚಿಕೊಂಡಿತು, ನನ್ನ ಬಲ ಮಂಡಿ ಡ್ಯಾಷ್‌ಬೋರ್ಡಿಗೆ ಹೋಗಿ ಬಡಿಯಿತು, ಕಂಬ ನಮ್ಮ ಮಾತು ಕೇಳಿಸಿಕೊಳ್ಳಲೆಂಬಂತೆ ಸ್ವಲ್ಪ ಬಾಗಿತು. ರಸ್ತೆಯ ತುಂಬ ಕಿತ್ತಳೆ ಬಣ್ಣದ ಮೀನುಗಳು ಕುಪ್ಪಳಿಸುತ್ತಿದ್ದವು. ದಾರಿಹೋಕರೆಲ್ಲ ಓಡಿಬಂದು ಮಗ್ಗು, ಲೋಟ, ಟೋಪಿಗಳಲ್ಲಿ ಮೊದಲು ಮೀನುಗಳನ್ನು ಕಾಪಾಡಿದರು, ಆಮೇಲೆ ನಮ್ಮನ್ನು.

ಆಗ ನಾನು, ಕಸುಬಿಗೆ ನಿಷ್ಠನಾದವನು, ಪಕ್ಕದಲ್ಲಿ ನಡುಗುತ್ತಿದ್ದ ಕೇಕಕ್ಕನ ಕಡೆ ತಿರುಗಿ ನನ್ನ ಅತ್ಯುತ್ತಮ ಸ್ವರದಲ್ಲಿ ಹೇಳಿದೆ: "ಭಯ ಬೇಡ ಅಕ್ಕ, ತಪ್ಪು ನನ್ನದು." ಒಡೆದ ಕಿಟಕಿಯ ಆಚೆ ನಿಂತಿದ್ದ ಮೀನಿನವನು ಇದನ್ನು ಕೇಳಿಸಿಕೊಂಡ. ಒಂದು ಕ್ಷಣ ಯೋಚಿಸಿದ. ಆಮೇಲೆ ಬಾಗಿ, ನನ್ನ ಭುಜ ತಟ್ಟಿ, "ಹೋಗ್ಲಿ ಬಿಡಿ ಸಾರ್, ಎಲ್ಲರಿಗೂ ಆಗುತ್ತೆ" ಎಂದು ನನ್ನನ್ನು ಕ್ಷಮಿಸಿದ. ಇಷ್ಟನ್ನೂ ಒಬ್ಬರು ತಮ್ಮ ಫೋನಿನಲ್ಲಿ ಚಿತ್ರೀಕರಿಸಿಕೊಂಡರು. ಧ್ವನಿ ಬಹಳ ಸ್ಪಷ್ಟವಾಗಿದೆ, ಮೀನು ಹಾರುವ ಸದ್ದು ಕೂಡ ಕೇಳುತ್ತದೆ.

ತಾವು ಆಗಿನ್ನೂ ಕತೆಯೊಳಗೆ ಪ್ರವೇಶಿಸಿರಲಿಲ್ಲವಾದ್ದರಿಂದ ಮುಂದಿನದನ್ನು ನಾನೇ ಹೇಳಬೇಕು. ಊರುಗೋಲಿನ ಮೇಲೆ ನಾನು ಮೀನಿನವನ ವಿಮಾ ಕಂಪನಿಗೆ ಹೋದಾಗ, ನೆಲಕ್ಕೆ ಮೊಳೆ ಹೊಡೆದ ಕುರ್ಚಿಗಳ ಆ ಸಭಾಂಗಣದಲ್ಲಿ, ಕೊಡೆಯಡಿ ನಗುತ್ತ ನಿಂತ ಒಂದು ಸಂಸಾರದ ದೊಡ್ಡ ಚಿತ್ರದ ಕೆಳಗೆ, ಪರಿಹಾರ ವಿಭಾಗದ ಅಧಿಕಾರಿಯವರು ಆ ಚಿತ್ರೀಕರಣವನ್ನು ನನಗೇ ತೋರಿಸಿ, "ನೀವೇ ಒಪ್ಕೊಂಡಿದ್ದೀರಲ್ಲ ಸಾರ್, ಅದೂ ಎಷ್ಟು ಸಮಾಧಾನವಾಗಿ!" ಎಂದು ಮೆಚ್ಚಿಕೊಂಡರು. ಅದು ಬಾಯಿ ರೂಢಿಯೆಂದೆ. ರೂಢಿಯೆಂಬುದಕ್ಕೆ ಸಾಕ್ಷಿ ಬೇಕೆಂದರು. ಹಾಗಾಗಿ ನಾನು ಜೀವಮಾನದಲ್ಲಿ ಮಾಡಿದ ಒಳ್ಳೆಯ ಕೆಲಸಗಳನ್ನೆಲ್ಲ ಬದಿಗಿಟ್ಟು, ನಾನು ಎಷ್ಟು ಬಾರಿ ಮಾಡದ ತಪ್ಪನ್ನು ಒಪ್ಪಿಕೊಂಡಿದ್ದೇನೆಂದು ಹೇಳಬಲ್ಲ ಹಳೆಯ ಶಿಷ್ಯರನ್ನು ಹುಡುಕಿಕೊಂಡು ಹೊರಟೆ. ಅವರು ಬಂದರು, ಅಭಿಮಾನದಿಂದಲೇ ಬಂದರು. ಔಷಧಿ ಅಂಗಡಿಯವರು ಅಧಿಕಾರಿಗಳ ಮುಂದೆ ಎದ್ದು ನಿಂತು, "ನಾನು ಹಿಂದಕ್ಕೆ ತಗೊಳ್ಳೋಕೆ ಹೋಗಿ ಪೊಲೀಸ್ ಜೀಪಿಗೇ ಗುದ್ದಿದ್ದೆ ಸಾರ್, ಆಗ್ಲೂ ಇವರು ತಪ್ಪು ನನ್ನದೇ ಅಂದ್ರು, ಪೊಲೀಸಿನವರು ಇವರನ್ನೇ ಕೂರಿಸಿಕೊಂಡು ಹೋದ್ರು" ಎಂದರು. ದಂತವೈದ್ಯೆಯೊಬ್ಬರು, ತಾವು ಪರೀಕ್ಷೆಯಲ್ಲಿ ನಪಾಸಾದದ್ದಕ್ಕೂ, ಅಂದು ಮಳೆ ಬಂದದ್ದಕ್ಕೂ, ತಮ್ಮ ನಿಶ್ಚಿತಾರ್ಥ ಮುರಿದುಬಿದ್ದದ್ದಕ್ಕೂ ಮೇಷ್ಟ್ರು ಇದೇ ಮಾತು ಹೇಳಿದರೆಂದು ನೆನಪಿಸಿಕೊಂಡು, "ಪಾಪ, ಇವರ ಮಾತಿಗೆ ಅರ್ಥ ಇರಲ್ಲ ಸಾರ್" ಎಂದು ನನ್ನ ಪರವಾಗಿ ಬಲವಾಗಿ ವಾದಿಸಿದರು. ನಾನು ಪಕ್ಕದಲ್ಲಿ ಕುಳಿತು, ನನ್ನ ಮಾತಿಗೆ ಬೆಲೆಯಿಲ್ಲವೆಂದು ಒಬ್ಬೊಬ್ಬರು ಸಾಬೀತುಪಡಿಸಿದಾಗಲೂ ಕೃತಜ್ಞತೆಯಿಂದ ತಲೆಯಾಡಿಸಿದೆ.

ಕೊನೆಗೆ ಕಂಪನಿ ಒಪ್ಪಿತು. ಈ ವ್ಯಕ್ತಿಯ ತಪ್ಪೊಪ್ಪಿಗೆ ಸಾಮಾನ್ಯವಾಗಿ ನಂಬಲರ್ಹವಲ್ಲ, ಆದ್ದರಿಂದ ತಪ್ಪು ಸಂಪೂರ್ಣವಾಗಿ ಮೀನು ಮಾರುವವರದು ಎಂದು ತೀರ್ಮಾನವಾಯಿತು. ಅಂದು ನಾನು ಮನೆಗೆ ಬಂದು, ಗೆದ್ದೆನೆಂದು ಹೆಂಡತಿಗೆ ಹೇಳಿ, ಊರುಗೋಲನ್ನು ಗೋಡೆಗೊರಗಿಸಿ, ರಾಜಠೀವಿಯಲ್ಲಿ ಸೋಫಾದ ಮೇಲೆ ಕುಳಿತೆ. ಅವಳು ನನ್ನ ಮಂಡಿಯ ಕೆಳಗೆ ದಿಂಬನ್ನು ಸರಿಪಡಿಸುತ್ತ, "ಗೆದ್ದಿದ್ದೇನೋ ಸರಿ, ಏನು ಗೆದ್ರಿ?" ಎಂದು ಕೇಳಿದಳು. ಆ ಪ್ರಶ್ನೆಯೊಂದಿಗೆ, ಮಾನ್ಯರೇ, ತಮ್ಮ ಆಗಮನವಾಯಿತು.

ತಮ್ಮನ್ನು ಮೊದಲ ಬಾರಿಗೆ ಕಂಡಾಗ ನನಗಾದ ಬೆರಗನ್ನು ಹೇಗೆ ಬಣ್ಣಿಸಲಿ? ರಸ್ತೆಗಿಳಿಯುವ ಪ್ರತಿ ಕಾರಿಗೂ ಕನಿಷ್ಠ ಇಷ್ಟಾದರೂ ವಿಮೆ ಇರಲೇಬೇಕೆಂದು ಕಾನೂನು ಹೇಳುತ್ತದೆ; ಮೀನಿನವನು ಅದನ್ನು ಇಷ್ಟಿದ್ದರೆ ಸಾಕೆಂದು ಓದಿಕೊಂಡಿದ್ದ. ಹೀಗಾಗಿ ಕಾನೂನಿನ ಬಾಯಲ್ಲಿ ಕನಿಷ್ಠ ಎನಿಸಿಕೊಂಡ ತಾವೇ ಕಂಪನಿಯ ಬಾಯಲ್ಲಿ ಗರಿಷ್ಠ ಎನಿಸಿಕೊಳ್ಳುತ್ತೀರಿ. ಒಂದೇ ದೇಹದಲ್ಲಿ ನೆಲವೂ ಚಾವಣಿಯೂ ಆಗಿರುವ ಇಂಥ ಕಟ್ಟಡವನ್ನು ನಾನು ಬೇರೆಲ್ಲೂ ಕಂಡಿಲ್ಲ. ಅದರೊಳಗೆ ಮನುಷ್ಯನೊಬ್ಬ ನಿಲ್ಲುವುದಾದರೆ ಮಲಗಿಕೊಂಡೇ ನಿಲ್ಲಬೇಕು.

ತಮ್ಮ ನಿಷ್ಪಕ್ಷಪಾತವಂತೂ ದೊಡ್ಡದು. ಒಂದು ಅಪಘಾತಕ್ಕೆ ತಾವು ಒಬ್ಬರೇ; ಎಷ್ಟು ಜನಕ್ಕೆ ಪೆಟ್ಟಾದರೂ ಕಂಪನಿ ತಮ್ಮನ್ನು ಮೀರಿ ಒಂದು ಕಾಸೂ ಕೊಡದು. ಕೈ, ಕಾಲು, ಕಾರು, ಕಂಬ ಎಲ್ಲವೂ ತಮ್ಮ ಮುಂದೆ ಒಂದೇ ಸಾಲಿನಲ್ಲಿ ನಿಲ್ಲಬೇಕು, ಮೊದಲು ಬಂದವರಿಗೆ ಮೊದಲು. ಮೊದಲು ಬಂದದ್ದು ಕಂಬ. ನಾನು ನಿರಪರಾಧಿಯೆಂದು ತೋರಿಸಲು ಶಿಷ್ಯರ ಮನೆಮನೆ ಕುಂಟಿಕೊಂಡು ತಿರುಗುತ್ತಿದ್ದ ಕಾಲದಲ್ಲಿ, ಬಾಯಿ ಮುಚ್ಚಿಕೊಂಡು ಸುಮ್ಮನೆ ಬಾಗಿ ನಿಂತಿದ್ದ ಕಂಬದ ಪರವಾಗಿ ನಗರಸಭೆಯವರು ಅರ್ಜಿ ಹಾಕಿ ಮುಗಿಸಿದ್ದರು. ಈಗ ಅಲ್ಲಿ ಎರಡು ಕವಲಿನ, ಮೊದಲಿನದಕ್ಕಿಂತ ಎತ್ತರವಾದ ಹೊಸ ಕಂಬ ನಿಂತಿದೆ. ನಾನು ಆ ದಾರಿಯಲ್ಲಿ ಹೋಗುವಾಗ ಗೌರವದಿಂದ ತಲೆಯೆತ್ತಿ ನೋಡುತ್ತೇನೆ, ನಮ್ಮ ಮೂವರಲ್ಲಿ ಒಬ್ಬರಾದರೂ ಉದ್ಧಾರವಾದರಲ್ಲ ಎಂದು. ಆಮೇಲೆ ನನ್ನ ಕಾರಿನ ದುರಸ್ತಿಯಾಯಿತು. ಬಿಳಿ ಕಾರಿಗೆ ಈಗ ಒಂದು ಬಾಗಿಲು ಹಸಿರು. ಇಷ್ಟಾದ ಮೇಲೆ ತಮ್ಮಲ್ಲಿ ಉಳಿದದ್ದು, ವೈದ್ಯರು ಹೇಳಿದ ಎರಡು ಶಸ್ತ್ರಚಿಕಿತ್ಸೆಗಳಲ್ಲಿ ಒಂದಕ್ಕೆ ಸಾಕಾಗುವಷ್ಟು. ಒಂದು ನನ್ನ ಮಂಡಿ. ಇನ್ನೊಂದು ಕೇಕಕ್ಕನ ಮಣಿಕಟ್ಟು. ಎರಡನ್ನೂ ಬೇಗ ಮಾಡದಿದ್ದರೆ ಅವು ಇದ್ದಂತೆಯೇ ಗಟ್ಟಿಯಾಗಿಬಿಡುತ್ತವೆ ಎಂದು ಎಚ್ಚರಿಸಿದ್ದರು. ನಮ್ಮಿಬ್ಬರ ಕೈಲಿದ್ದದ್ದು ಮೊದಲ ಸಲದ ಆಸ್ಪತ್ರೆಗೇ ಹೋಗಿತ್ತು. ಪರಿಹಾರ ವಿಭಾಗದ ಅಧಿಕಾರಿಯವರು ಮತ್ತೆ ಕನ್ನಡಕ ಒರೆಸಿಕೊಂಡು, "ನೀವಿಬ್ರೂ ಮಾತಾಡ್ಕೊಂಡು ಬನ್ನಿ ಸಾರ್, ಮನುಷ್ಯರಲ್ವಾ" ಎಂದು ತಮ್ಮ ಪರವಾಗಿ ಅಪ್ಪಣೆ ಕೊಟ್ಟರು.

ತಮ್ಮನ್ನು ತಪ್ಪಿಸಿಕೊಂಡು ಹೋಗುವ ದಾರಿಗಳನ್ನೂ ನಾನು ಹುಡುಕಿದೆನೆಂದು ಪ್ರಾಮಾಣಿಕವಾಗಿ ಒಪ್ಪಿಕೊಳ್ಳುತ್ತೇನೆ, ಬೇಸರಿಸಬಾರದು. ನನ್ನ ಹೆಂಡತಿಯ ತಮ್ಮ ವಕೀಲ. ಮೀನಿನವನ ಮೇಲೆಯೇ ದಾವೆ ಹೂಡಿದರೆ ಹೇಗೆ ಎಂದು ಅವನನ್ನು ಕೇಳಿದೆ. "ಹಾಕಬಹುದು ಭಾವ. ಗೆಲ್ಲಲೂಬಹುದು. ಗೆದ್ದು ಏನು ತಗೋತೀರಿ? ಅಂಗಡಿ ಬಾಡಿಗೇದು, ಕಾರು ಸಾಲದ್ದು, ಸ್ವಂತ ಅಂತ ಅವನ ಹತ್ರ ಇರೋದು ಮೀನು" ಎಂದ. ನಾನು ಹೋಗಿ ನೋಡಿಯೂ ಬಂದೆ. ಓಣಿಯೊಳಗೊಂದು ಉದ್ದನೆಯ ಕತ್ತಲ ಕೋಣೆ, ಗೋಡೆಯುದ್ದಕ್ಕೂ ಗುಳುಗುಳು ಎನ್ನುವ ತೊಟ್ಟಿಗಳು; ಮೀನಿನವನು ನನ್ನನ್ನು ಕಂಡು ಸ್ಟೂಲು ಒರೆಸಿ ಕೂರಿಸಿ, ಕಣ್ಣು ಒದ್ದೆ ಮಾಡಿಕೊಂಡು, ಕಾಲು ಹೇಗಿದೆಯೆಂದು ಕೇಳಿ, ಬರುವಾಗ ಪ್ಲಾಸ್ಟಿಕ್ ಚೀಲದಲ್ಲಿ ಎರಡು ಮೀನು ಹಾಕಿಕೊಟ್ಟ. ಅವನನ್ನು ದ್ವೇಷಿಸುವ ಒಂದು ಸುಲಭವಾದ ಸಮಾಧಾನವನ್ನೂ ನನ್ನಿಂದ ಕಸಿದುಕೊಂಡ ಆ ಮೀನುಗಳು ಈಗ ನಮ್ಮ ಮನೆಯ ಕಿಟಕಿಯಲ್ಲಿ ಉಪ್ಪಿನಕಾಯಿ ಭರಣಿಯೊಳಗೆ ಸುಖವಾಗಿವೆ.

ಇನ್ನು ನನ್ನ ಸ್ವಂತ ವಿಮೆ. ಎದುರಿನವರ ವಿಮೆ ಸಾಲದೆ ಹೋದರೆ ಉಳಿದದ್ದನ್ನು ತುಂಬಿಕೊಡುವ ಒಂದು ಹೆಚ್ಚುವರಿ ರಕ್ಷಣೆ ಅದರಲ್ಲಿ ಸಿಗುತ್ತಿತ್ತು. ಅದನ್ನು ಬೇಡವೆಂದವನು ನಾನೇ. ಎದುರಿಗೆ ಬರುವವರೆಲ್ಲ ಹುಚ್ಚರೆಂದು ತಿಳಿದೇ ಓಡಿಸಿ ಎಂದು ಎಲ್ಲ ಶಿಷ್ಯರಿಗೂ ಮೊದಲ ದಿನವೇ ಬೋಧಿಸುವ ನಾನು, ಆ ಹುಚ್ಚರೆಲ್ಲ ತಕ್ಕಷ್ಟು ವಿಮೆ ಮಾಡಿಸಿರುತ್ತಾರೆಂದು ಹೇಗೆ ನಂಬಿದೆನೋ ತಿಳಿಯದು. ಇದು ಹೊರಬಿದ್ದ ದಿನ ನನ್ನ ಹೆಂಡತಿ ಬೈಯಲಿಲ್ಲ. "ಊರಿಗೆಲ್ಲ ಕನ್ನಡಿ ನೋಡ್ಕೊಳ್ಳಿ, ಕನ್ನಡಿ ನೋಡ್ಕೊಳ್ಳಿ ಅಂತೀರಿ" ಎಂದಷ್ಟೇ ಹೇಳಿ ಒಳಗೆ ಹೋದಳು. ಬೈದಿದ್ದರೆ ಬೇಗ ಮುಗಿಯುತ್ತಿತ್ತು.

ಹೀಗೆ ದಾರಿಗಳೆಲ್ಲ ಮುಚ್ಚಿ, ತಮ್ಮ ಅಪ್ಪಣೆಯಂತೆ ನಾವು ಬೇಕರಿಯಲ್ಲಿ ಸೇರಿದೆವು. ನಾನು ರಾತ್ರಿಯೆಲ್ಲ ಒಂದು ಭಾಷಣವನ್ನು ಸಿದ್ಧಪಡಿಸಿಕೊಂಡಿದ್ದೆನೆಂದು ಹೇಳಲು ನಾಚಿಕೆಯಾಗುತ್ತದೆ. ಮಂಡಿಯೆಂಬುದು ಇಡೀ ದೇಹದ ಭಾರ ಹೊರುವ ಅಂಗ, ಮಣಿಕಟ್ಟು ಹಾಗಲ್ಲ. ನಾನು ಬ್ರೇಕು ಒತ್ತದಿದ್ದರೆ ಊರಿನ ಜೀವಗಳಿಗೆ ಅಪಾಯ, ಗುಲಾಬಿ ಕೆಟ್ಟರೆ ಯಾರೂ ಸಾಯುವುದಿಲ್ಲ. ಹೀಗೆ ಬಹಳ ಮರ್ಯಾದಸ್ಥ ವಾಕ್ಯಗಳಲ್ಲಿ ನನ್ನ ದುರಾಸೆಯನ್ನು ಇಸ್ತ್ರಿ ಮಾಡಿ ತಂದಿದ್ದೆ. ಕೇಕಕ್ಕನೂ ಸುಮ್ಮನೆ ಬಂದಿರಲಿಲ್ಲ. ಅವರ ಎಡಗೈಯಲ್ಲಿ ಅವರ ಎಕ್ಸ್‌ರೇ ಇತ್ತು, ನನ್ನ ಕಂಕುಳಲ್ಲಿ ನನ್ನದು. ಬೆಳಕು ಸಾಲದೆ, ಕೇಕುಗಳನ್ನಿಡುವ ಗಾಜಿನ ಪೆಟ್ಟಿಗೆಯೊಳಗಿನ ಟ್ಯೂಬ್‌ಲೈಟ್ ಹಾಕಿ, ಗಾಜಿಗೆ ಹೊರಗಡೆಯಿಂದ ಎರಡನ್ನೂ ಅಕ್ಕಪಕ್ಕ ಅಂಟಿಸಿ ನೋಡಿದೆವು. ಚಾಕೊಲೇಟ್ ಕೇಕಿನ ಮುಂದೆ ನನ್ನ ಮಂಡಿ, ಅನಾನಸ್ ಕೇಕಿನ ಮುಂದೆ ಅವರ ಮಣಿಕಟ್ಟು. ಬ್ರೆಡ್ಡಿಗೆ ಬಂದ ಗಿರಾಕಿಯೊಬ್ಬರು ನಿಂತು ನೋಡಿ, "ಇದರಲ್ಲಿ ಯಾವುದು ಮೊಟ್ಟೆ ಹಾಕದೇ ಇರೋದು?" ಎಂದು ಕೇಳಿದರು; ನಾವಿಬ್ಬರೂ ನಗಬಾರದ ಹೊತ್ತಿನಲ್ಲಿ ನಕ್ಕೆವು, ನಕ್ಕಿದ್ದರಿಂದ ನನ್ನ ಭಾಷಣದ ಮೊದಲ ವಾಕ್ಯವೇ ಮರೆತುಹೋಯಿತು.

ಆ ಹೊತ್ತಿನಲ್ಲಿ ಕೇಕಕ್ಕ, ಬಾಯಿಮಾತು ಬೇಡವೆಂಬಂತೆ, ಒಂದು ಸಣ್ಣ ಕೇಕನ್ನು ಮುಂದಿಟ್ಟುಕೊಂಡು ಕೆನೆ ತುಂಬಿದ ಕೋನನ್ನು ಬಲಗೈಯಲ್ಲಿ ಹಿಡಿದು ಒಂದು ಗುಲಾಬಿ ಬಿಡಿಸಲು ಹೋದರು. ಮಣಿಕಟ್ಟು ತಿರುಗಬೇಕಾದ ಕಡೆ ತಿರುಗಲಿಲ್ಲ. ಎಸಳುಗಳು ಒಂದರ ಮೇಲೊಂದು ಬಿದ್ದು ಎಲೆಕೋಸಿನಂಥದ್ದೊಂದು ಕುಳಿತಿತು. ಎಡಗೈಯಲ್ಲಿ ಮಾಡಿದ್ದು ಎಲೆಕೋಸೂ ಆಗಲಿಲ್ಲ. ಅವರು ಅದನ್ನು ಚಾಕುವಿನಿಂದ ಕೆರೆದು ತೆಗೆದು, ಬಟ್ಟೆಯಲ್ಲಿ ಕೈ ಒರೆಸಿಕೊಂಡು, "ಇರ್ಲಿ ಮೇಷ್ಟ್ರೇ, ಬನ್ನು ಬ್ರೆಡ್ಡು ಮಾಡ್ಕೊಂಡಿರ್ತೀನಿ. ನಿಮಗೆ ಕಾಲೇ ಮುಖ್ಯ ಅಲ್ವಾ" ಎಂದರು. ಅವರು ಹಾಗೆ ಅಂದ ಕೂಡಲೇ, ನಾನು ಬೇಡ ಬೇಡ ಎನ್ನಬೇಕಾಗಿತ್ತು. ನಾನು ಎನ್ನಲಿಲ್ಲ, ಮಾನ್ಯರೇ. ನಾನು ಗಾಜಿನ ಪೆಟ್ಟಿಗೆಯ ಮೇಲಿನ ನನ್ನ ಮಂಡಿಯನ್ನೇ ನೋಡುತ್ತ ನಿಂತೆ, ನನ್ನ ಪರವಾಗಿ ಬೇರೆ ಯಾರಾದರೂ ಆ ಮಾತನ್ನು ಒಪ್ಪಿಕೊಂಡುಬಿಡಲಿ ಎಂದು ಕಾಯುತ್ತ.

ನನ್ನ ಜೊತೆಗೇ ಬಂದಿದ್ದ ನನ್ನ ಹೆಂಡತಿ ಅಲ್ಲಿಯವರೆಗೆ ಮೂಲೆಯ ಸ್ಟೂಲಿನ ಮೇಲೆ ಕುಳಿತು ರಸ್ಕು ತಿನ್ನುತ್ತಿದ್ದಳು. ತುಂಡನ್ನು ನುಂಗಿ, ಸೆರಗಿನ ಮೇಲಿನ ಪುಡಿ ಕೊಡವಿಕೊಂಡು, ನನ್ನನ್ನಲ್ಲ, ಕೇಕಕ್ಕನನ್ನು ನೋಡುತ್ತ ಅವಳು ಹೇಳಿದಳು: "ಬ್ರೇಕನ್ನ ಕೈಯಲ್ಲೂ ಹಾಕಬಹುದು ಅಕ್ಕ, ಗ್ಯಾರೇಜಿನವನು ಒಂದು ಸರಳು ಬೆಸುಗೆ ಹಾಕ್ಕೊಡ್ತಾನೆ. ಗುಲಾಬೀನ ಕಾಲಲ್ಲಿ ಮಾಡೋಕಾಗುತ್ತಾ?"

ಯಾರಾದರೂ ಆಕ್ಷೇಪಿಸುವರೇನೋ ಎಂದು ಸುತ್ತ ನೋಡಿದೆ. ಬ್ರೆಡ್ಡಿನ ಗಿರಾಕಿ ಕೂಡ ತಲೆಯಾಡಿಸುತ್ತಿದ್ದರು. ಆದ್ದರಿಂದ ನಾನು ತ್ಯಾಗ ಮಾಡಿದೆನೆಂದು ಬೀದಿಯಲ್ಲಿ ಯಾರಾದರೂ ಹೇಳಿದರೆ ತಾವು ನಂಬಬಾರದು. ನಾನು ಸೋತೆ. ಸೋತು, ಮರುದಿನ ಕಂಪನಿಗೆ ಹೋಗಿ, ಸಾಲಿನಿಂದ ನನ್ನ ಮಂಡಿಯನ್ನು ಹಿಂದಕ್ಕೆ ತೆಗೆದುಕೊಂಡೆ. ಪರಿಹಾರ ವಿಭಾಗದ ಅಧಿಕಾರಿಯವರು ಎದ್ದು ನಿಂತು ನನ್ನ ಕೈ ಕುಲುಕಿದರು. ಅವರ ಅನುಭವದಲ್ಲಿ ಯಾರೂ ಹೀಗೆ ತಮ್ಮ ಕೆಲಸವನ್ನು ಹಗುರ ಮಾಡಿಕೊಟ್ಟಿರಲಿಲ್ಲವಂತೆ.

ಈ ಹಿನ್ನೆಲೆಯಲ್ಲಿ ತಮ್ಮಲ್ಲಿ ಕೆಲವು ವಿನಂತಿಗಳಿವೆ. ತಾವು ದಯವಿಟ್ಟು ಒಂದು ಮಂಡಿಯಷ್ಟು ಹಿಗ್ಗಬೇಕು. ಇಡೀ ಕಾಲಿನಷ್ಟಲ್ಲ, ನನಗೆ ಅಷ್ಟು ಆಸೆಯಿಲ್ಲ, ಒಂದೇ ಒಂದು ಮಂಡಿ. ಅದು ತಮ್ಮ ಘನತೆಗೆ ಕುಂದು ಎನಿಸಿದರೆ, ಇನ್ನು ಮುಂದೆ ಅಪಘಾತಗಳು ತಮ್ಮ ಅಳತೆಯನ್ನು ಕೇಳಿಕೊಂಡೇ ಸಂಭವಿಸುವಂತೆ ಏರ್ಪಾಡು ಮಾಡಬೇಕು: ತಾವು ಇಷ್ಟಿದ್ದರೆ ಬಾಗಿಲಿಗೆ ಒಂದು ಗೀರು, ತಾವು ಇನ್ನಷ್ಟಿದ್ದರೆ ಒಂದು ಕಿರುಬೆರಳು, ಮೂಳೆ ಮುರಿಯುವುದೇನಿದ್ದರೂ ದೊಡ್ಡ ವಿಮೆಯವರ ಕಾರಿಗೆ ಮೀಸಲು. ಅದೂ ಆಗದಿದ್ದರೆ, ಪ್ರತಿ ಕಾರಿನ ಮೂತಿಯ ಮೇಲೆ ತಮ್ಮ ಗಾತ್ರವನ್ನು ದಪ್ಪಕ್ಷರಗಳಲ್ಲಿ ಬರೆಸಬೇಕು. ಅಡ್ಡರಸ್ತೆಯಿಂದ ಎರಡು ಕಾರುಗಳು ಒಟ್ಟಿಗೆ ಬಂದಾಗ ಯಾರಿಂದ ಗುದ್ದಿಸಿಕೊಳ್ಳಬೇಕೆಂದು ಓದಿ ಆರಿಸಿಕೊಳ್ಳಲು ನಮ್ಮಂಥವರಿಗೆ ಅನುಕೂಲವಾಗುತ್ತದೆ. ನಾನು ನನ್ನ ಶಿಷ್ಯರಿಗೆ ಈಗಲೇ ಅದರ ಅಭ್ಯಾಸ ಮಾಡಿಸಬಲ್ಲೆ.

ಕೇಕಕ್ಕನ ಮಣಿಕಟ್ಟಿನ ವಿಷಯ ತಮಗೆ ತಿಳಿಸುವುದು ನ್ಯಾಯ, ಏಕೆಂದರೆ ತಾವು ಅದರ ಮೇಲೆಯೇ ಪೂರ್ತಿ ಖರ್ಚಾಗಿದ್ದೀರಿ. ಒಳಗೊಂದು ಲೋಹದ ಪಟ್ಟಿ ಕೂತಿದೆ, ಚಳಿಯಾದರೆ ಜುಮ್ಮೆನ್ನುತ್ತದಂತೆ. ಮೊದಮೊದಲು ಮೊಗ್ಗುಗಳಷ್ಟೇ ಆಗುತ್ತಿದ್ದವು, ಈಗ ಅರಳಿದವೂ ಆಗುತ್ತವೆ. ನನ್ನ ಮಂಡಿ ವೈದ್ಯರು ಎಚ್ಚರಿಸಿದ್ದಂತೆಯೇ ಗಟ್ಟಿಯಾಯಿತು; ಅರ್ಧದ ಮೇಲೆ ಮಡಚುವುದಿಲ್ಲ, ಮೆಟ್ಟಿಲಿಳಿಯುವಾಗ ನಾನೊಂದು ಪೀಠೋಪಕರಣ, ಯಾರಾದರೂ ಮುಂದಿನಿಂದ ಹಿಡಿದುಕೊಳ್ಳಬೇಕು. ಗ್ಯಾರೇಜಿನವನು ನನ್ನ ಬ್ರೇಕಿಗೆ ಮೊಣಕೈಯುದ್ದದ ಒಂದು ಸರಳನ್ನು ಬೆಸೆದು ತುದಿಗೆ ಸೈಕಲ್ಲಿನ ಹಿಡಿ ಹಾಕಿಕೊಟ್ಟ. ಅದು ಕೆಲಸ ಮಾಡುವುದೋ ಇಲ್ಲವೋ, ಅದರ ಮೇಲೆ ನನ್ನ ಶಾಲೆ ನಡೆಯುವುದೋ ಇಲ್ಲವೋ ನೋಡಬೇಕಾಗಿತ್ತು. ಅದಕ್ಕೆ ಧೈರ್ಯ ಮಾಡಿ ಬಂದವರು ಕೇಕಕ್ಕನೊಬ್ಬರೇ.

ಹಿಂದಿನ ಸೀಟಿನಲ್ಲಿ ಒಂದು ಮೂರಂತಸ್ತಿನ ಕೇಕಿತ್ತು. ಅದರ ತುಂಬ ಗುಲಾಬಿಗಳಿದ್ದವು. ನಾನು ಸೀಟನ್ನು ಹಿಂದಕ್ಕೆ ತಳ್ಳಿ, ಕಾಲನ್ನು ಹಲಗೆಯಂತೆ ಮುಂದೆ ಚಾಚಿ, ಹಿಡಿಯನ್ನು ಬಿಗಿಯಾಗಿ ಹಿಡಿದು ಕುಳಿತೆ. ಅವರು ಹೊರಟರು. ಮೊದಲ ತಿರುವಿನಲ್ಲಿ ನಾನು ಹಿಡಿ ಒತ್ತಿದೆ, ಕಾರು ನಿಂತಿತು. ಸರಳು ಗಟ್ಟಿಯಾಗಿದೆಯೆಂದು ಖಾತ್ರಿಯಾಯಿತು. ಎರಡನೆಯ ತಿರುವಿನಲ್ಲಿ ಎದುರಿಗೆ ಯಾರೂ ಇರಲಿಲ್ಲ, ಆದರೂ ಒತ್ತಿದೆ. ಒಂದು ನಾಯಿ ರಸ್ತೆ ದಾಟುವ ಯೋಚನೆ ಮಾಡಿತು, ಒತ್ತಿದೆ. ಅಡ್ಡರಸ್ತೆಯೊಂದು ಕಂಡಿತು, ಖಾಲಿಯಾಗಿತ್ತು, ಒತ್ತಿದೆ. ಹಿಂದೆ ಕೇಕು ಅಲುಗಿದ ಸದ್ದಾಯಿತು. ಕೇಕಕ್ಕ ಕಾರನ್ನು ಬದಿಗೆ ನಿಲ್ಲಿಸಿ, ಕನ್ನಡಿಯಲ್ಲಿ ತಮ್ಮ ಗುಲಾಬಿಗಳನ್ನು ನೋಡಿ, ಆಮೇಲೆ ನನ್ನನ್ನು ನೋಡಿ, ಗಾಬರಿಯಾದ ಶಿಷ್ಯನಿಗೆ ಹೇಳುವ ಸ್ವರದಲ್ಲಿ, "ಮೇಷ್ಟ್ರೇ, ಒಂಚೂರು ಕೈ ತೆಗೀತೀರಾ? ನಾನು ನೋಡ್ಕೋತೀನಿ" ಎಂದರು.

ತೆಗೆದೆ. ಕೇಕು ಮೂರಂತಸ್ತಾಗಿಯೇ ತಲುಪಿತು.

ಮಡಚದ ಕಾಲಿನವನಾದ್ದರಿಂದ ಇನ್ನು ಯಾರ ಮುಂದೆಯೂ ಮಂಡಿಯೂರಲು ಬಾರದ,

ತಮ್ಮ ವಿಶ್ವಾಸಿ,
ಕಾರು ಕಲಿಸುವ ಮೇಷ್ಟ್ರು

ಮರೆತ ಮಾತು: ಮೀನಿನವನ ವಿಮೆಯ ವರ್ಷ ಮೊನ್ನೆ ಮುಗಿಯಿತು. ಈ ಸಲವಾದರೂ ಸ್ವಲ್ಪ ದೊಡ್ಡ ಮಿತಿಯವರನ್ನು ಆರಿಸಿಕೋ ಎಂದು ನಾನೇ ಅವನ ಅಂಗಡಿಗೆ ಹೋಗಿ ಹೇಳಿದೆ. ಅವನು ತೊಟ್ಟಿಗೆ ಆಹಾರ ಉದುರಿಸುತ್ತ, ಬಹಳ ಒಳ್ಳೆಯ ಮನಸ್ಸಿನಿಂದ, "ಯಾಕೆ ಸಾರ್, ಹೋದ ಸಲ ಇದೇ ಸಾಕಾಯ್ತಲ್ಲ" ಎಂದ. ತಮ್ಮ ಅವಧಿ ಇನ್ನೊಂದು ವರ್ಷ ಮುಂದುವರಿದಿದೆ, ಹಾರ್ದಿಕ ಅಭಿನಂದನೆಗಳು.